ಅಕ್ಕ ಇದ್ದವರ ಸಾಲು

ಗೋಡೆಯ ಮೂಡಣ ಕಡೆ
೯ ಫೆಬ್ರವರಿ ೨೦೨೫

ಅಕ್ಕನವರಿಗೆ ಪುಷ್ಪಾಳ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿಯ ಕ್ಷೇಮ ದಿನವೂ ಕೇಳಿಸುತ್ತದೆ. ನೀವು ಕಾಫಿ ಸೋಸುವುದು, ಭಾವ ಕೆಮ್ಮುವುದು, ಜಡೆ ಎಳೆಯಿತೆಂದು ಚೈತ್ರ ಗೊಣಗುವುದು, ಎಲ್ಲವೂ ತೊಲೆಯ ಕೆಳಗಿನ ಸಂದಿಯಿಂದ ಈಚೆ ಬರುತ್ತವೆ. ನಡುಮನೆಗೆ ಅಡ್ಡಲಾಗಿ ಗೋಡೆ ಕಟ್ಟಿದ ಮೇಸ್ತ್ರಿ ಆ ಒಂದು ಗೇಣು ಜಾಗ ಬಿಟ್ಟದ್ದು ನಮಗಾಗಿ ಅಲ್ಲ, ಹಳೆಯ ತೊಲೆ ಬಾಗಿ ಗೋಡೆ ಬಿರಿಯಬಾರದೆಂದು. ಆದರೂ ಅವನಿಗೆ ಪುಣ್ಯ ಬರಲಿ.

ಈ ಕಾಗದ ನೋಡಿ ಗಾಬರಿಯಾಗಬೇಡಿ. ನಾನು ಆಣೆ ಮುರಿಯುತ್ತಿಲ್ಲ. ಅಣ್ಣ ತಮ್ಮ ಇಬ್ಬರೂ ದೇವರ ಮುಂದೆ ಭಸ್ಮ ಮುಟ್ಟಿದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ಎರಡು ಮನೆಯ ನಡುವೆ ಇನ್ನು ಮಾತಿಲ್ಲ, ಫೋನಿಲ್ಲ, ನೀರಿಲ್ಲ, ಊಟವಿಲ್ಲ ಎಂದರು. ಕಾಗದ ಎನ್ನಲಿಲ್ಲ. ಈ ಕಾಲದಲ್ಲಿ ಕಾಗದ ಯಾರಿಗೆ ನೆನಪಾಗುತ್ತದೆ? ಪಾಲಾದ ತೋಟದ ಬೇಲಿಯ ಮೇಲಿನ ಒಂದು ಮರದ ಮೆಣಸಿನ ಬಳ್ಳಿ ಯಾರಿಗೆ ಎಂಬ ಜಗಳಕ್ಕೆ ಇಷ್ಟೆಲ್ಲ ಆಯಿತೆಂದು ನೆನೆದರೆ ನನಗೆ ಈಗಲೂ ನಿಜವೆನಿಸುವುದಿಲ್ಲ.

ನೀಲುವಿನ ವಿಷಯಕ್ಕೆ ಬರೆಯುತ್ತಿದ್ದೇನೆ. ಮಕ್ಕಳಿಗೆ ಆಣೆಯಿಲ್ಲವೆಂದು ಅತ್ತೆಯವರು ಅಂದೇ ಬಿಡಿಸಿ ಹೇಳಿದ್ದರು. ಚೈತ್ರ ಕೇಳಿಸಿಕೊಂಡಳು. ನೀಲು ಕೇಳಿಸಿಕೊಳ್ಳಲಿಲ್ಲವೋ ಏನೋ. ಗೋಡೆ ಎದ್ದ ಮೇಲೆ ಅವಳು ಒಂದೊಂದೇ ಮಾತು ಬಿಡುತ್ತಾ ಬಂದಳು. ಈಗ ಅಂಗನವಾಡಿಯಲ್ಲಿ ಪೂರ್ತಿ ಮೌನ. ನನ್ನ ಹತ್ತಿರ ಕೈಸನ್ನೆ. ಚೈತ್ರ ಆ ಕಡೆಯಿಂದ ಕಥೆ ಹೇಳುವಾಗ ಮಾತ್ರ ಗೋಡೆಗೆ ಕೆನ್ನೆಯಿಟ್ಟು ತುಟಿ ಆಡಿಸುತ್ತಾಳೆ. ದನಿ ಬರುವುದಿಲ್ಲ. ಹಾಸನದ ಡಾಕ್ಟರು ಗಂಟಲು, ಕಿವಿ ಎಲ್ಲ ಸರಿಯಿದೆ ಎಂದರು.

ಮುಂದಿನ ವಾರ ಗುಡ್ಡದ ಶಾಲೆಯಲ್ಲಿ ಒಂದನೇ ತರಗತಿಗೆ ಅರ್ಜಿ ಕೊಡಬೇಕು. ಚೈತ್ರ ಓದುವ ಶಾಲೆಯಲ್ಲಿ ಇವಳಿಗೂ ಜಾಗ ಸಿಕ್ಕಿದರೆ, ಅದೇ ಬಸ್ಸಿನಲ್ಲಿ ಅವಳ ಪಕ್ಕ ಕೂತು ಹೋದರೆ, ಬಾಯಿ ಬಿಡುತ್ತಾಳೆ ಎಂದು ನನ್ನ ಮನಸ್ಸು ಹೇಳುತ್ತದೆ. ಅಲ್ಲಿ ಅಕ್ಕ ಅಣ್ಣ ಇದ್ದವರಿಗೆ ಮೊದಲು ಜಾಗವಂತೆ. ನೀಲುವಿಗೆ ಚೈತ್ರ ಅಕ್ಕನಲ್ಲವೇ? ನೀವು ಓದಿ ತಿಳಿದವರು, ಹೇಳಿ.

ಸ್ಟೂಲಿನ ಮೇಲೆ ನಿಂತು ಇದನ್ನು ಸಂದಿಯಲ್ಲಿಡುತ್ತೇನೆ. ಅತ್ತೆಯವರು ಈ ತಿಂಗಳು ನಮ್ಮ ಕಡೆ ಇದ್ದಾರಲ್ಲ, ಬರೆಯುವುದನ್ನು ನೋಡಿಬಿಟ್ಟರು. “ಏನವ್ವಾ ಇದು, ಒಂದು ಗೋಡೆ ದಾಟಕ್ಕೆ ಇಷ್ಟುದ್ದ ಕಾಗ್ದ! ಅಮೇರಿಕಕ್ಕೆ ಬರಿಯೋ ಹಂಗೆ ಬರೀತೀಯಲ್ಲೇ” ಎಂದರು. ಯಾರಿಗೂ ಹೇಳುವುದಿಲ್ಲವಂತೆ.

ನಿಮ್ಮ ಓರಗಿತ್ತಿ,
ಪುಷ್ಪಾ


ಗೋಡೆಯ ಪಡುವಣ ಕಡೆ
೧೨ ಫೆಬ್ರವರಿ ೨೦೨೫

ಪ್ರೀತಿಯ ಪುಷ್ಪಾ,

ನಿನ್ನ ಕಾಗದ ದೂಳಿನ ಜೊತೆ ಅಕ್ಕಿ ಡಬ್ಬದ ಮೇಲೆ ಬಿದ್ದಿತ್ತು. ಮೊದಲು ಹಲ್ಲಿ ಎಂದುಕೊಂಡೆ. ನಿನ್ನ ಅಕ್ಷರ ನೋಡಿ ಎಷ್ಟು ಕಾಲವಾಯಿತು! ಒಂದೇ ಮನೆಯಲ್ಲಿದ್ದಾಗ ನಾವು ಬರೆದುಕೊಂಡದ್ದೇ ಇಲ್ಲ.

ತಿಳಿಯದೆ ಉತ್ತರ ಬರೆಯಬಾರದೆಂದು ನಿನ್ನೆ ಶಾಲೆಗೆ ಹೋಗಿ ಹಲಗೆಯ ಮೇಲೆ ಅಂಟಿಸಿರುವುದನ್ನು ಓದಿಕೊಂಡು ಬಂದೆ. ಶಾಲೆಯಲ್ಲಿ ಅಣ್ಣನೋ ಅಕ್ಕನೋ ಓದುತ್ತಿರುವ ಮಕ್ಕಳಿಗೆ ಮೊದಲು ಜಾಗ. ಚಿಕ್ಕ ಮಕ್ಕಳು ಬೇರೆ ಬೇರೆ ಶಾಲೆಗೆ ಹಂಚಿಹೋಗಬಾರದೆಂದು ಈ ಏರ್ಪಾಡು. ಉಳಿದ ಜಾಗಗಳಿಗೆ ಎಲ್ಲರ ಎದುರಿಗೆ ಚೀಟಿ ಎತ್ತುತ್ತಾರೆ. ಆದರೆ ಅದರ ಕೆಳಗೆ ಇನ್ನೊಂದು ಸಾಲಿದೆ: ಅಣ್ಣ ಅಕ್ಕ ಎಂದರೆ ಒಂದೇ ತಂದೆ ತಾಯಿಯ ಮಕ್ಕಳು ಮಾತ್ರ. ದೊಡ್ಡಪ್ಪನ ಮಗಳು ಅದರಲ್ಲಿ ಬರುವುದಿಲ್ಲ.

ಹಲಗೆಯನ್ನು ಮತ್ತೊಮ್ಮೆ ಓದಿದೆ. ನೀಲುವಿಗೆ ನಡೆಯಲು ಕಲಿಸಿದವಳು ಚೈತ್ರ. ಅವಳ ಲಂಗದ ಅಂಚು ಹಿಡಿದೇ ಅದು ಮೊದಲ ಹೆಜ್ಜೆ ಇಟ್ಟಿತು. ನೀನು ಬಾಣಂತನದ ಜ್ವರದಲ್ಲಿದ್ದಾಗ ನೀಲುವಿಗೆ ನೀರು ಹಾಕಿದವಳು ನಾನು. ಆದರೆ ಹಲಗೆಗೆ ಇದು ಗೊತ್ತಿಲ್ಲ.

ಆದ್ದರಿಂದ ಅರ್ಜಿ ಕೊಡುವ ದಿನ ಚೀಟಿಯವರ ಸಾಲಿನಲ್ಲೇ ನಿಲ್ಲು. ಚೀಟಿಯೂ ಕೆಟ್ಟದ್ದಲ್ಲ. ನಮ್ಮ ಚೈತ್ರ ಬಂದದ್ದೂ ಚೀಟಿಯಲ್ಲೇ.

ಈಗ ನಿನ್ನ ಒಗ್ಗರಣೆಯ ಘಾಟು ನನ್ನ ಕಡೆಗೆ ಬರುತ್ತಿದೆ. ಸಾಸಿವೆ ಸ್ವಲ್ಪ ಹೊತ್ತಿದೆ.

ನೇತ್ರಾವತಿ


ಗೋಡೆಯ ಮೂಡಣ ಕಡೆ
೨೩ ಫೆಬ್ರವರಿ ೨೦೨೫

ಅಕ್ಕಾ,

ನೀಲು ಮಾತಾಡಿದಳು.

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಇದನ್ನು ಹೇಗೆ ಆಯಿತೋ ಹಾಗೆಯೇ ಬರೆಯುತ್ತೇನೆ.

ನಿನ್ನೆ ಅರ್ಜಿ ಕೊಡಲು ಹೋದಾಗ ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಗುಡ್ಡದ ಮೇಲೆ ಶಾಲೆ ಇದೆಯೋ ಇಲ್ಲವೋ ಎನ್ನುವಂತಿತ್ತು. ಗಂಟೆ ಮಾತ್ರ ಕೇಳಿಸುತ್ತಿತ್ತು. ಜಗಲಿಯ ಮೇಲೆ ಎರಡು ಸಾಲು. ಒಂದು ಅಕ್ಕ ಅಣ್ಣ ಇದ್ದವರದು, ಗಿಡ್ಡ. ಇನ್ನೊಂದು ಇಲ್ಲದವರದು, ಮೆಟ್ಟಿಲಿಳಿದು ಬೇಲಿಯವರೆಗೂ ಹೋಗಿತ್ತು. ನೀವು ಹೇಳಿದಂತೆ ನಾನು ಬೇಲಿಯ ಹತ್ತಿರ ಹೋಗಿ ನಿಂತೆ. ಇಲ್ಲದವರ ಸಾಲಿನಲ್ಲಿ ಅವಳ ಕೈ ಹಿಡಿದು, ಮುಂದಿನ ತಲೆಗಳನ್ನು ಎಣಿಸಿದೆ.

ಆಗ ಚೈತ್ರ ಯಾವುದೋ ತರಗತಿಯಿಂದ ಹೊರಗೆ ಬಂದಳು. ನೀಲು ನನ್ನ ಕೈಯಿಂದ ಜಾರಿದ್ದೇ ಗೊತ್ತಾಗಲಿಲ್ಲ. ನೋಡಿದರೆ ಮಂಜಿನಲ್ಲಿ ಆ ಕೆಂಪು ಸ್ವೆಟರು ಒಂದೇ ನಡೆದು ಹೋಗುತ್ತಿದೆ. ಮೊದಲಿನ ಸಾಲಿನ ಕೊನೆಗೆ ಹೋಗಿ ನಿಂತಳು. ಯಾರೂ ಹೇಳಿರಲಿಲ್ಲ. ನಾನು ಹಿಂದೆಯೇ ಓಡಿದೆ.

ಬರೆದುಕೊಳ್ಳುತ್ತಿದ್ದ ಸುಚಿತ್ರಾ ಮೇಡಂ ಬಗ್ಗಿ, “ಏನ್ ಪುಟ್ಟಿ, ನಿಂಗೆ ಅಕ್ಕ ಇದ್ದಾಳಾ?” ಎಂದು ಕೇಳಿದರು. ಇವಳೆಲ್ಲಿ ಉತ್ತರ ಕೊಡುತ್ತಾಳೆ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ನೀಲು ಅಂದಳು: “ಅವ್ಳೇ ನಮ್ಮಕ್ಕ.”

ದನಿ ಸ್ವಲ್ಪ ಒಡೆದಿತ್ತು. ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆಗೆದ ಹಾಗೆ. ಚೈತ್ರ ದೂರದಿಂದಲೇ ಕೈ ಬೀಸಿದಳು. ಮೇಡಂ ನಕ್ಕು, “ಗೊತ್ತಾಯ್ತು ಬಿಡಿ, ಮೂಗು ನೋಡಿದ್ರೇ ಗೊತ್ತಾಗುತ್ತೆ” ಎಂದು ಬರೆದುಕೊಂಡರು.

ನಾನು ಸುಮ್ಮನಿದ್ದೆ ಅಕ್ಕ. ಆ ಮಾತಿನ ಮೇಲೆ ‘ಅಲ್ಲ’ ಎನ್ನುವುದು ನನ್ನ ಕೈಯಲ್ಲಿ ಆಗಲಿಲ್ಲ.

ಮೊದಲಿನ ಪಟ್ಟಿಯಲ್ಲಿ ಅವಳ ಹೆಸರಿದೆ. ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದಳು. ನಿದ್ದೆಯಲ್ಲಿ ಮತ್ತೆ ಒಂದು ಸಲ ಹೇಳಿದಳು.

ಪುಷ್ಪಾ


ಗೋಡೆಯ ಪಡುವಣ ಕಡೆ
೨೬ ಫೆಬ್ರವರಿ ೨೦೨೫

ಪುಷ್ಪಾ,

ನಿನ್ನ ಕಾಗದವನ್ನು ಒಲೆಯ ಹತ್ತಿರ ನಿಂತೇ ಓದಿದೆ. ಹಾಲು ಉಕ್ಕಿ ಹೋಯಿತು. ಹಬ್ಬದ ದಿನ ಬೇಕೆಂದೇ ಉಕ್ಕಿಸುತ್ತೇವಲ್ಲ, ಹಾಗೆ ಅದನ್ನು ನೋಡುತ್ತಾ ನಿಂತೆ. ಆಮೇಲೆ ಚೈತ್ರಳನ್ನು ಕರೆದು ಕೇಳಿದೆ. “ಹೂಂ, ನಂಗೂ ಕೇಳುಸ್ತು. ಮೊದ್ಲಿನ್ ಥರಾನೇ ಐತೆ ದನಿ” ಎಂದಳು.

ಈಗ ಬರೆಯುವುದನ್ನು ಬರೆಯದೆ ಇರಲು ಎರಡು ದಿನ ನೋಡಿದೆ. ಆಗಲಿಲ್ಲ.

ಅದು ಅವಳಿಗೆ ಸಲ್ಲುವ ಜಾಗವಲ್ಲ. ನೀಲು ಸುಳ್ಳು ಹೇಳಲಿಲ್ಲ. ಮೇಡಂ ಕೂಡ ತಪ್ಪಾಗಿ ಕೇಳಲಿಲ್ಲ. ಆದರೂ ಮೊದಲಿನ ಪಟ್ಟಿಗೆ ಒಂದು ಹೆಸರು ಹೆಚ್ಚಾದರೆ ಚೀಟಿಯ ಪಾಲಿಗೆ ಒಂದು ಜಾಗ ಕಡಿಮೆಯಾಗುತ್ತದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಮಾರಮ್ಮ ನಿನಗೆ ಗೊತ್ತು. ಅವಳ ಮೊಮ್ಮಗಳು ಸಿಂಚನ ಬೇಲಿಯ ಹತ್ತಿರದ ಸಾಲಿನಲ್ಲಿ ನಿಂತಿತ್ತಂತೆ. ಆ ಮನೆಯಲ್ಲಿ ಯಾರೂ ಶಾಲೆಯ ಮೆಟ್ಟಿಲು ಹತ್ತಿದವರಿಲ್ಲ. ಹಾಗಾದರೆ ಆ ಮಗುವಿಗೆ ಅಕ್ಕ ಅಣ್ಣನ ಬಲ ಎಲ್ಲಿಂದ ಬರಬೇಕು? ಅವಳಿಗಿರುವುದು ಚೀಟಿ ಒಂದೇ.

ನೀನೇ ಹೋಗಿ ಸುಚಿತ್ರಾ ಮೇಡಂಗೆ ಹೇಳಿದರೆ ಅದು ಮರೆತ ಮಾತಾಗುತ್ತದೆ. ಬೇರೆಯವರು ಹೇಳಿದರೆ ಮುಚ್ಚಿಟ್ಟ ಮಾತಾಗುತ್ತದೆ. ನೀನು ಹೋಗದಿದ್ದರೆ ನಾನು ಹೋಗಬೇಕಾಗುತ್ತದೆ.

ನೇತ್ರಾವತಿ


ಮೂಡಣ ಕಡೆ
೨೮ ಫೆಬ್ರವರಿ

ಅಕ್ಕನವರಿಗೆ,

ಹೋಗಿ ಹೇಳಿ. ಚೈತ್ರ ನೀಲುವಿಗೆ ಅಕ್ಕನಲ್ಲವೆಂದು ನಿಮ್ಮ ಬಾಯಿಂದಲೇ ಹೇಳಿ. ಆಮೇಲೆ ನೀಲುವಿಗೂ ನೀವೇ ಬಂದು ಹೇಳಿ, ಅವಳು ಆಡಿದ ಒಂದೇ ಒಂದು ಮಾತು ತಪ್ಪೆಂದು.

ಗಂಡಸರು ಕಟ್ಟಿದ ಗೋಡೆಗಾದರೂ ಒಂದು ಸಂದಿ ಇತ್ತು. ಈ ದಿನದಿಂದ ಅದಕ್ಕೆ ಬಟ್ಟೆ ತುರುಕುತ್ತೇನೆ.

ಪುಷ್ಪಾ


ಪಡುವಣ ಕಡೆ
೩೧ ಮಾರ್ಚ್ ೨೦೨೫

ಪುಷ್ಪಾ,

ಸಂದಿಯಲ್ಲಿ ದಾರಿಯಿಲ್ಲದ್ದರಿಂದ ಇದನ್ನು ಅತ್ತೆಯ ದಿಂಬಿನ ಚೀಲದಲ್ಲಿಟ್ಟು ಹೊಲಿದಿದ್ದೇನೆ. ನಾಳೆ ಒಂದನೇ ತಾರೀಖು, ಅವರ ಸರದಿ ನಿನ್ನ ಕಡೆಗೆ. “ನನ್ ತಲೆ ಕೆಳಗೆ ಏನ್ ಹೊಲೀತಿದ್ದೀಯೆ, ಬಾಂಬಾ?” ಎಂದು ಕೇಳಿದರು. ಸಿಕ್ಕಿದರೆ ಓದು.

ನೀನು ತುರುಕಿರುವುದು ನಾನು ಕೊಟ್ಟ ಹಸಿರು ಸೀರೆಯ ತುಂಡು. ಈ ಕಡೆಗೆ ಅದರ ಅಂಚು ಸ್ವಲ್ಪ ಇಣುಕುತ್ತದೆ. ದಿನವೂ ನೋಡುತ್ತೇನೆ.

ಕಾಫಿ ಹೂವಾಗಿದೆ. ಹೂಮಳೆ ಬಿದ್ದ ಮೇಲೆ ಒಂದು ಬೆಳಗ್ಗೆ ಎದ್ದರೆ ತೋಟವೆಲ್ಲ ಬೆಳ್ಳಗೆ, ಯಾರೋ ಬಂದು ಹಾಲು ಚೆಲ್ಲಿ ಹೋದಂತೆ. ಆ ವಾಸನೆಗೆ ಗೋಡೆಯಿಲ್ಲ. ನೀನೂ ಅದರಲ್ಲೇ ಎದ್ದಿರುತ್ತೀ.

ಆ ದಿನವೇ ಆನೆ ಬಂದದ್ದು. ಮೊಬೈಲಿಗೆ ಅರಣ್ಯ ಇಲಾಖೆಯ ಸಂದೇಶ ಬಂದಿತ್ತು, ಬಾಗಿಲು ತೆಗೆಯಬೇಡಿ ಎಂದು. ಕಿಟಕಿಯಿಂದ ನೋಡಿದೆ. ಹೂವಿನ ನಡುವೆ ಒಂದು ದೊಡ್ಡದು, ಒಂದು ಎಳೆಯದು, ಒಂದು ಮರಿ. ಮರಿಯು ದೊಡ್ಡದನ್ನು ಬಿಟ್ಟು ನಡುವಿನದರ ಬಾಲ ಹಿಡಿದಿತ್ತು. ಮೈಮೇಲೆಲ್ಲ ಬಿಳಿ ಹೂವು. ಒಂದು ಕೊಂಬೆಯೂ ಮುರಿಯದೆ ಹೋದವು ಎಂದರೆ ಯಾರೂ ನಂಬುವುದಿಲ್ಲ. ನೀಲು ನಿನ್ನ ಕಿಟಕಿಯಿಂದ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಗಾಜಿನ ಮೇಲೆ ಉಗುರು ತಟ್ಟುವುದು ಕೇಳಿಸುತ್ತಿತ್ತು.

ಇನ್ನೊಂದು ವಿಷಯ. ಬಟ್ಟೆ ಮಾತನ್ನು ತಡೆದಿದೆ, ತಟ್ಟುವುದನ್ನು ತಡೆದಿಲ್ಲ. ಮಲಗುವ ಮೊದಲು ಚೈತ್ರ ಗೋಡೆಗೆ ತಟ್ಟುತ್ತಾಳೆ. ಆ ಕಡೆಯಿಂದ ಪುಟ್ಟ ಬೆರಳು ತಟ್ಟುತ್ತದೆ. ಆಮೇಲೆ ಇಬ್ಬರೂ ಗೋಡೆಗೆ ತಲೆಕೊಟ್ಟು ಮಲಗುತ್ತಾರೆ. ನೆನೆದರೆ ಒಂದೇ ಹಾಸಿಗೆಯ ನಡುವೆ ಯಾರೋ ಗೋಡೆ ಇಳಿಸಿದಂತೆ ಅನಿಸುತ್ತದೆ.

ನಾನು ಶಾಲೆಗೆ ಹೋಗಲಿಲ್ಲ. ಹೋಗಬೇಕೆಂದು ಕೊಡೆ ಹಿಡಿದು ಬಸ್‌ಸ್ಟಾಪಿನವರೆಗೆ ನಡೆದೆ. ಬಸ್ಸು ಬಂತು, ನಿಂತಿತು, ಕಂಡಕ್ಟರ್ ನೋಡಿದ, ಹೊರಟಿತು. ನಾನು ಬರೆದದ್ದು ತಪ್ಪೆಂದು ಈಗಲೂ ಅನಿಸುವುದಿಲ್ಲ. ಆದರೆ ಆ ವಾಕ್ಯವನ್ನು ಬಾಯಲ್ಲಿ ಹೇಳಿ ನೋಡಿದೆ. ‘ಚೈತ್ರ ಅವಳಿಗೆ ಅಕ್ಕನಲ್ಲ.’ ಅದೂ ಸರಿಯಿಲ್ಲ. ಎರಡೂ ಸರಿಯಿಲ್ಲದ ಕಡೆ ಏನು ಮಾಡಬೇಕೋ ನಾನು ಓದಿದ ಯಾವ ಪುಸ್ತಕವೂ ಹೇಳಲಿಲ್ಲ.

ನೇತ್ರಾವತಿ


ಮೂಡಣ ಕಡೆ
೬ ಏಪ್ರಿಲ್ ೨೦೨೫

ಅಕ್ಕನವರಿಗೆ ನಮಸ್ಕಾರ.

ಹಸಿರು ಬಟ್ಟೆ ತೆಗೆದಿದ್ದೇನೆ. ಒಗೆದು ಒಣಹಾಕಿದೆ.

ನೀವು ಕುಂದೂರಿಗೆ ತಂಗಿಯ ಮನೆಗೆ ಹೋಗಿದ್ದಾಗ, ಶುಕ್ರವಾರ, ಸುಚಿತ್ರಾ ಮೇಡಂ ಇಲ್ಲಿಗೆ ಬಂದಿದ್ದರು. ಅವರು ಸ್ಕೂಟರು ನಿಲ್ಲಿಸಿದಾಗ, ಅಕ್ಕ ಹೇಳಿಬಿಟ್ಟರಲ್ಲ ಎಂದು ನಿಮ್ಮನ್ನು ಮನಸ್ಸಿನಲ್ಲೇ ಬಯ್ದೆ. ನೀವಲ್ಲ. ಎರಡು ಮಕ್ಕಳ ತಂದೆಯ ಹೆಸರು ಬೇರೆ ಬೇರೆ ಇರುವುದನ್ನು ಅವರೇ ನೋಡಿದ್ದರು. ಬಯ್ದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ಭಾವ ನಿಮಗೆ ಅರ್ಧ ಹೇಳಿರುತ್ತಾರೆ. ಉಳಿದರ್ಧ ನಾನು ಬರೆಯುತ್ತೇನೆ.

ಅಂಗಳದಲ್ಲಿ ಕುರ್ಚಿ ಹಾಕಿದೆ. ಭಾವ ನಿಮ್ಮ ಬಾಗಿಲಲ್ಲಿ ನಿಂತರು, ಇವರು ನಮ್ಮ ಬಾಗಿಲಲ್ಲಿ. ಅತ್ತೆಯವರು ಜಗಲಿಯಲ್ಲಿ ಗೋಡೆ ಮುಗಿಯುವ ಮೊನೆಗೆ ಬೆನ್ನು ಕೊಟ್ಟು ಕೂತರು, ಆ ಕಡೆಗೊಂದು ಕಾಲು, ಈ ಕಡೆಗೊಂದು ಕಾಲು.

ಮೇಡಂ ಕೇಳಿದರು, “ಈ ಇಬ್ಬರು ಮಕ್ಕಳು ಅಕ್ಕ ತಂಗಿ ಹೌದಾ?”

“ಹೌದು” ಎಂದರು ಭಾವ.

“ಹೌದು” ಎಂದರು ಇವರು.

“ಹಾಗಾದ್ರೆ ನೀವಿಬ್ರು ಏನಾಗ್ಬೇಕು?”

ಇಬ್ಬರೂ ಅಂಗಳದ ಕೋಳಿಯನ್ನು ನೋಡಿದರು. ಕೊನೆಗೆ ಇವರು, “ಅವ್ವಾ, ಮೇಡಮ್ಮಿಗೆ ಹೇಳು, ನಮ್ಮಣ್ಣ ಅಂತ” ಎಂದರು.

“ಬಾಯಿ ಬಿದ್ದೋಗೈತೇನೋ ನಿಂಗೆ?” ಎಂದು ಅತ್ತೆ ಎಲೆಯಡಿಕೆ ಉಗಿದು ಬಂದರು. “ಮೇಡಮ್ಮೋರೇ, ಇವ್ರು ಒಂದೇ ಹೊಟ್ಟೇಲಿ ಹುಟ್ಟಿದೋರು. ಆ ಹೊಟ್ಟೆ ನಂದೇ. ಅದ್ರಲ್ಲಿ ಗೋಡೆ ಇರ್ಲಿಲ್ಲ ಕಣವ್ವಾ.”

ಮೇಡಂ ನಗುವುದೋ ಬೇಡವೋ ಎಂದು ನೋಡಿ, ಚೀಲದಿಂದ ಒಂದು ಕಾಗದ ತೆಗೆದರು. ‘ನೀಲಾಂಬಿಕಾ ಮತ್ತು ಚೈತ್ರಶ್ರೀ ಅಕ್ಕತಂಗಿಯರಲ್ಲ’ ಎಂದು ಇಬ್ಬರು ತಂದೆಯರೂ ಸಹಿ ಹಾಕಬೇಕಂತೆ. ಹಾಕಿದರೆ ನೀಲುವಿನ ಹೆಸರನ್ನು ಚೀಟಿಗೆ ಸೇರಿಸುತ್ತಾರೆ. ಹಾಕದಿದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ.

ಭಾವ ಕಾಗದವನ್ನು ಕೈಗೆ ತೆಗೆದುಕೊಂಡರು. “ಇದುಕ್ ನಾನ್ ಹಾಕಲ್ಲ ಕಣ್ರೀ. ತೋಟ ಪಾಲಾಯ್ತು, ಮನೆ ಪಾಲಾಯ್ತು. ಮಕ್ಳನ್ ಯಾವನ್ ಪಾಲು ಮಾಡ್ದ?” ಎಂದು ಕುರ್ಚಿಯ ಮೇಲಿಟ್ಟು ಒಳಗೆ ಹೋದರು. ಇವರು ಅದನ್ನು ತೆಗೆದುಕೊಂಡು ಓದಲೂ ಇಲ್ಲ. “ಅವ್ರು ಹಾಕ್ದೆ ಇರೋದುಕ್ಕೆ ನಾನ್ ಹಾಕಕ್ಕಾಯ್ತದಾ?” ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ, ಮುಖ ನಿಮ್ಮ ಬಾಗಿಲ ಕಡೆಗಿತ್ತು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ.

ಆದರೆ ಅಕ್ಕ, ಹದಿನೈದನೇ ತಾರೀಖಿನೊಳಗೆ ಸಹಿಯ ಕಾಗದ ಹೋಗದಿದ್ದರೆ ನೀಲುವಿಗೆ ಚೀಟಿಯೂ ಇಲ್ಲ. ಈಗ ಇವಳು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಮತ್ತೆ ತುಟಿ ಮುಚ್ಚಿದ್ದಾಳೆ. ನೀವು ಬರೆಯಬಲ್ಲಿರಿ. ಅವರಿಬ್ಬರೂ ಸಹಿ ಹಾಕುವಂಥ ಒಂದು ಮಾತು ಬರೆದುಕೊಡಿ.

ಪುಷ್ಪಾ


ಪಡುವಣ ಕಡೆ
೯ ಏಪ್ರಿಲ್ ೨೦೨೫

ಪುಷ್ಪಾ,

ಜೊತೆಯಲ್ಲಿ ಒಂದು ಹಾಳೆಯಿದೆ. ಅದರಲ್ಲಿ ಬರೆದಿರುವುದು ಇಷ್ಟು:

‘ನೀಲಾಂಬಿಕಾ ದಯಾನಂದನ ಮಗಳು. ಚೈತ್ರಶ್ರೀ ಮೃತ್ಯುಂಜಯನ ಮಗಳು. ಶಾಲೆಯ ನಿಯಮದಂತೆ ನೀಲಾಂಬಿಕಾಳ ಹೆಸರನ್ನು ಚೀಟಿಯ ಸಾಲಿಗೆ ಸೇರಿಸಬೇಕೆಂದು ಕೇಳಿಕೊಳ್ಳುತ್ತೇವೆ. ಮನೆಯ ರೂಢಿಯಂತೆ ಇವರು ಅಕ್ಕತಂಗಿಯರು. ಅದನ್ನು ನಾವು ಬಿಟ್ಟುಕೊಟ್ಟಿಲ್ಲ.’

ನಮ್ಮವರು ಓದಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. “ಹೂಂ. ಇದುಕ್ಕಾದ್ರೆ ಹಾಕ್ತೀನಿ” ಎಂದು ಬಲಗಡೆಗೆ ಸಹಿ ಮಾಡಿ, ಎಡಗಡೆ ಜಾಗ ಬಿಟ್ಟಿದ್ದಾರೆ. ಈಗ ಸಂದಿಯಲ್ಲಿ ಕೊಡುತ್ತಿದ್ದೇನೆ.

ನೀಲುವಿಗೆ ಹೀಗೆ ಹೇಳು: ನೀನು ಹೇಳಿದ್ದು ಸರಿ ಪುಟ್ಟಾ. ಶಾಲೆಯವರು ಕೇಳಿದ್ದೇ ಬೇರೆ. ಅವರು ಕೇಳಿದ್ದಕ್ಕೆ ಅಪ್ಪ ದೊಡ್ಡಪ್ಪ ಉತ್ತರ ಬರೆದಿದ್ದಾರೆ. ನಿನ್ನ ಉತ್ತರವನ್ನೂ ಅದರಲ್ಲೇ ಬರೆದಿದ್ದಾರೆ.

ನೇತ್ರಾವತಿ


ಮೂಡಣ ಕಡೆ
೫ ಮೇ ೨೦೨೫

ಅಕ್ಕಾ,

ಅತ್ತೆಯವರ ಮಂಡಿ ಊದಿದ್ದರಿಂದ ಚೀಟಿ ಎತ್ತುವಲ್ಲಿಗೆ ನಿಮಗೆ ಬರಲಾಗಲಿಲ್ಲ. ಭಾವ ಬಂದಿದ್ದರು, ಸಹಿ ಹಾಕಿದವರು ಇಬ್ಬರೂ ಇರಬೇಕೆಂದು ಕರೆದಿದ್ದರಂತೆ. ಒಂದೇ ಬಸ್ಸಿನಲ್ಲಿ ಹೋದೆವು. ಭಾವ ಡ್ರೈವರ್ ಹಿಂದೆ, ಇವರು ಕೊನೆಯ ಸೀಟಿನಲ್ಲಿ. ಚೈತ್ರಳೂ ನೀಲುವೂ ನಡುವೆ ಕೂತು ಕಿಟಕಿಯ ಮೇಲೆ ಉಗಿಯೂದಿ ಆನೆ ಬರೆದುಕೊಂಡರು.

ಸಭೆ ತುಂಬಿತ್ತು. ಹೆಡ್‌ಮಾಸ್ಟರ್ ತೋಟಪ್ಪನವರು ಚೀಟಿಗಳನ್ನು ಎಲ್ಲರಿಗೂ ತೋರಿಸಿ ಸ್ಟೀಲಿನ ಬಿಂದಿಗೆಗೆ ಹಾಕಿದರು. “ಎತ್ತಕ್ಕೆ ಒಂದು ಮಗು ಬೇಕು. ಎಲ್ರಿಗಿಂತ ಗಿಡ್ಡ ಯಾರಿದೀರಪ್ಪಾ?” ಎಂದರು. ನಮ್ಮ ನೀಲುವೇ ಗಿಡ್ಡ. ಹೋಗುವುದಿಲ್ಲ ಎಂದುಕೊಂಡೆ. ಚೈತ್ರ ಇವಳ ಮುಖ ನೋಡಿದಳು, ಇವಳು ಹೋದಳು.

ಅವಳ ಕೈ ಮೊಣಕೈವರೆಗೆ ಬಿಂದಿಗೆಯೊಳಗೆ ಹೋಗುತ್ತಿತ್ತು. ಬಾವಿಯಲ್ಲಿ ಬಿದ್ದದ್ದನ್ನು ಹುಡುಕುವ ಹಾಗೆ ಕಣ್ಣು ಮುಚ್ಚಿ ಹುಡುಕುತ್ತಿದ್ದಳು. ಮಾಸ್ಟರು ಬಿಡಿಸಿ ಓದುತ್ತಿದ್ದರು. ಒಂದೊಂದು ಹೆಸರಿಗೂ ಸಭೆಯ ಯಾವುದೋ ಮೂಲೆಯಲ್ಲಿ ಸದ್ದು. ಸಿಂಚನಳ ಹೆಸರು ಬಂದಾಗ ಮಾರಮ್ಮ ಎದ್ದು ನಿಂತಳು, ಏನು ಮಾಡಬೇಕೋ ತಿಳಿಯದೆ ಬಿಂದಿಗೆಗೇ ಕೈಮುಗಿದಳು. ನನಗೂ ಕಣ್ಣಲ್ಲಿ ನೀರು ಬಂತು ಅಕ್ಕ. ನೀವು ಬರೆದಿದ್ದಿರಲ್ಲ.

ಆಮೇಲೆ ಮಾಸ್ಟರು, “ಇದೇ ಕೊನೇ ಜಾಗ” ಎಂದರು. ನೀಲು ಎತ್ತಿದಳು. ಕೊಡಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ಅವರನ್ನು ನೋಡಿ, ಇಡೀ ಸಭೆಗೆ ಕೇಳಿಸುವಂತೆ ಕೇಳಿದಳು: “ಇದು ನಾನಾ?”

ಮಾಸ್ಟರು ಮೆಲ್ಲಗೆ ಅವಳ ಬೆರಳು ಬಿಡಿಸಿ ಓದಿದರು. ಅದು ನನ್ನ ತವರು ಮಗ್ಗೆ ಕಡೆಯ ಯಾರೋ ಹುಡುಗ.

“ಅಲ್ಲ ಕಣಮ್ಮ” ಎಂದರು.

ಅವಳು ಅಳಲಿಲ್ಲ. ಮತ್ತೆ ಬಿಂದಿಗೆಯೊಳಗೆ ಕೈ ಹಾಕಿದಳು. ಸಾಕಮ್ಮ ಎಂದರೂ ಹುಡುಕುತ್ತಲೇ ಇದ್ದಳು. ಇವರು ಮರದ ಹಾಗೆ ನಿಂತುಬಿಟ್ಟಿದ್ದರು. ಆಗ ಸಭೆಯ ಆ ಕೊನೆಯಿಂದ ಭಾವ ಕೂಗಿದರು:

“ಲೋ ದಯಾ, ಏನ್ ನೋಡ್ತಾ ನಿಂತ್ಬುಟ್ಟೆ! ಎತ್ಕೊಳೋ ಮಗೂನ!”

ಇವರು, “ಹೂಂ ಅಣ್ಣ” ಎಂದು ಓಡಿದರು.

ಇಷ್ಟೇ. ಆಮೇಲೆ ಇಬ್ಬರಿಗೂ ನೆನಪಾಯಿತು. ಮುಖ ಮುಖ ನೋಡಿಕೊಂಡು, ಸಂತೆಯಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ನಿಂತರು. ನೀಲು ಅಪ್ಪನ ಹೆಗಲ ಮೇಲಿಂದ, “ದೊಡ್ಡಪ್ಪ ಮಾತಾಡ್ಬುಟ್ರು” ಎಂದಳು. ಸ್ವಲ್ಪ ಕಾದು, “ಏನೂ ಆಗ್ಲಿಲ್ಲ” ಎಂದಳು.

ಆಗ ನನಗೆ ಗೊತ್ತಾಯಿತು ಅಕ್ಕ. ಮಾತಾಡಿದರೆ ಮನೆಯಲ್ಲಿ ಯಾರಿಗೋ ಏನೋ ಆಗಿಬಿಡುತ್ತದೆಂದು ಅವಳು ಇಷ್ಟು ದಿನ ನಮ್ಮೆಲ್ಲರನ್ನೂ ಕಾಯುತ್ತಿದ್ದಳು.

ಜಾಗ ಸಿಗಲಿಲ್ಲ. ಬರುವಾಗ ಬಸ್ಸಿನಲ್ಲಿ ಭಾವ ಡ್ರೈವರ್ ಹಿಂದೆಯೇ ಕೂತರು, ಇವರು ಅವರ ಹಿಂದಿನ ಸೀಟಿನಲ್ಲಿ. ಮಾತಾಡಲಿಲ್ಲ. ದಾರಿಯುದ್ದಕ್ಕೂ ಗುಲ್‌ಮೊಹರ್ ಹೂವು ಬಿದ್ದಿತ್ತು. ನೀಲು ಮಾತ್ರ ಬೆಳಗೋಡಿನಿಂದ ಮನೆಯವರೆಗೆ ಬಾಯಿ ಮುಚ್ಚಲಿಲ್ಲ. ತಲೆನೋವು ಬಂತು. ಬಹಳ ಒಳ್ಳೆಯ ತಲೆನೋವು.

ಪುಷ್ಪಾ


ನಮ್ಮ ಮನೆ
೪ ಜೂನ್ ೨೦೨೫

ಪ್ರೀತಿಯ ಪುಷ್ಪಾ,

ನಿನಗೆ ಅಂಚೆಯಲ್ಲಿ ಬರೆಯುವುದು ಇದೇ ಮೊದಲು. ಮಗ್ಗೆಯ ತವರಿನಲ್ಲಿ ನೀನು ನೋಡಿಕೊಳ್ಳಲು ಹೋದ ಅಮ್ಮ ಈಗ ಎದ್ದು ಓಡಾಡುತ್ತಿದ್ದಾರೆಂದು ದಯಾನಂದ ಹೇಳಿದ. ಹೌದು, ನನಗೇ ಹೇಳಿದ. ಅಂಗಳದಲ್ಲಿ ನಿಂತು, ತೆಂಗಿನ ಗರಿಯನ್ನು ನೋಡುತ್ತಾ, “ಅತ್ತಿಗೆ, ಪುಷ್ಪಾ ಭಾನುವಾರ ಬತ್ತಾಳಂತೆ” ಎಂದ. ಅತ್ತೆ ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದಿಟ್ಟಿದ್ದಾರೆ. “ದೇವ್ರಿಗೂ ಸಾಕಾಗಿತ್ತು ಇವ್ರ ಮಾತು ಕಾಯೋದು” ಎನ್ನುತ್ತಾರೆ. ಗೋಡೆ ಹಾಗೆಯೇ ಇದೆ. ಅದನ್ನು ಕೆಡವಬೇಕೆಂದು ಯಾರೂ ಅನ್ನಲಿಲ್ಲ. ನಮ್ಮವರು ನಿನ್ನೆ ಸ್ಟೂಲು ಹಾಕಿಕೊಂಡು ಸಂದಿಯ ಗಾರೆಯನ್ನು ಸುಮ್ಮನೆ ಕೆರೆಯುತ್ತಿದ್ದರು. ಏನು ಎಂದರೆ, “ಗಾಳಿ ಬರ್ಲಿ” ಎಂದರು.

ನೀಲು ನನ್ನ ಹತ್ತಿರ ಚೆನ್ನಾಗಿದ್ದಾಳೆ. ನಮ್ಮೂರ ಶಾಲೆಯ ಒಬ್ಬರೇ ಮೇಷ್ಟ್ರು ಅವಳನ್ನು ಕಿಟಕಿಯ ಪಕ್ಕ ಕೂರಿಸಿದ್ದಾರಂತೆ. ಮಾತು ಹೆಚ್ಚು ಎಂದು ಆಗಲೇ ದೂರು ಬಂದಿದೆ.

ಬರೆಯಬೇಕೆಂದದ್ದು ಇವತ್ತಿನ ಬೆಳಗ್ಗೆಯದು.

ಚೈತ್ರಳನ್ನು ಬಸ್ಸು ಹತ್ತಿಸಲು ನೀಲುವೂ ಬಂದಳು. ಮಳೆ ಬಂದು ನಿಂತಿತ್ತು. ಮಂಜು ರಸ್ತೆಯ ಮೇಲೆ ಕೂತುಬಿಟ್ಟಿತ್ತು, ಹಸುಗಳು ಕಾಲಿಲ್ಲದೆ ತೇಲಿ ಬರುತ್ತಿದ್ದವು. ಅಲ್ಲಿ ಮಾರಮ್ಮ ಮೊಮ್ಮಗಳನ್ನು ಕರೆದುಕೊಂಡು ನಿಂತಿದ್ದಳು. ಹೊಸ ಸಮವಸ್ತ್ರ, ಒಂದು ಸುತ್ತು ದೊಡ್ಡದು. ಸಿಂಚನ ಅಜ್ಜಿಯ ಸೆರಗಿನೊಳಗೆ ಮುಖ ಹೂತು ಒಂದೇ ಸಮನೆ ಬಿಕ್ಕುತ್ತಿತ್ತು. ಬಸ್ಸಿನಲ್ಲಿ ತನಗೆ ಯಾರೂ ಇಲ್ಲವೆಂದು ಹಟ. “ನಂಗೊತ್ತಿರೋರು ಒಬ್ರೂ ಇಲ್ವಲ್ಲವ್ವಾ ಅಲ್ಲಿ, ಎಂಗ್ ಕಳ್ಸದು” ಎಂದು ಮಾರಮ್ಮ ನನ್ನನ್ನು ನೋಡಿದಳು.

ನೀಲು ನನ್ನ ಕೈ ಜಗ್ಗಿ, “ದೊಡ್ಡಮ್ಮಾ, ಅದು ನಾನ್ ಎತ್ತಿದ್ ಹುಡ್ಗಿ” ಎಂದು ಪಿಸುಗುಟ್ಟಿದಳು.

ಬಸ್ಸು ಬಂತು. ದೀಪ ಮೊದಲು, ಆಮೇಲೆ ಬಸ್ಸು. ಚೈತ್ರ ಎಂದಿನಂತೆ ಇವಳ ಕೆನ್ನೆ ಹಿಂಡಿ ಮೆಟ್ಟಿಲ ಮೇಲೆ ಕಾಲಿಟ್ಟಳು. ಈ ಗಳಿಗೆಗಾಗಿ ನಾವು ಎಷ್ಟು ತಿಂಗಳು ಬರೆದೆವು, ಅದು ಇವಳನ್ನು ಬಿಟ್ಟು ಹೋಗುತ್ತಿದೆ ಎಂದುಕೊಂಡೆ. ನೀಲು ನನ್ನ ಕೈ ಬಿಟ್ಟಳು. ಮಂಜಿನಲ್ಲಿ ಹೋಗಿ ಸಿಂಚನಳ ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದು, ಅವಳ ಕೈಯನ್ನು ಚೈತ್ರಳ ಕೈಯಲ್ಲಿಟ್ಟಳು.

“ಇವ್ಳು ನಮ್ಮಕ್ಕ” ಎಂದಳು. “ನಿದ್ದೆ ಬಂದ್ರೆ ತೊಡೆ ಮೇಲೆ ಮಲ್ಕೊ, ಬಯ್ಯಲ್ಲ. ಸಾಯಂಕಾಲ ವಾಪಸ್ ಕೊಡ್ಬೇಕು.”

ಸಿಂಚನ ಅಳು ನಿಲ್ಲಿಸಿ ತಲೆಯಾಡಿಸಿತು. ಕಂಡಕ್ಟರ್ ಸೀಟಿ ಊದಿದ.

ಬಸ್ಸು ಹೋದ ಮೇಲೆಯೂ ನೀಲು ಕೈಬೀಸುತ್ತಾ ನಿಂತಿದ್ದಳು. ಈಗ ಸಾಯಂಕಾಲವಾಗುತ್ತಾ ಬಂತು. ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತಿದ್ದಾಳೆ.

ನಿನ್ನ ಅಕ್ಕ,
ನೇತ್ರಾವತಿ